ಅಕ್ಕನ ಕಂಪ್ಯೂಟರಿಗೊಂದು ಮದರ್‌ಬೋರ್ಡು

ಅಕ್ಕನ ಕಂಪ್ಯೂಟರು ಸತ್ತದ್ದು ಒಂದು ಪದದ ನಡುವೆ. ದೀಪಾವಳಿ ಮುಗಿದ ವಾರ, ಬೆಳಗ್ಗೆ ಹತ್ತೂವರೆ ಇರಬೇಕು, ನಾನು ಅಂಗಡಿಗೆ ಹೊರಡಲು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ಒಳಕೋಣೆಯಲ್ಲಿ ಅದರ ಮೂಗುಸ್ವರ ಪತ್ರಿಕೆಯ ಯಾವುದೋ ಲೇಖನವನ್ನು ಗಡಗಡನೆ ಓದುತ್ತಿತ್ತು. "ನೀರಾವ" ಎಂದಿತು, ನಿಂತಿತು. "ರಿ" ಬರಲೇ ಇಲ್ಲ.

"ಏನೋ ಇದು, ಪದ ನುಂಗಿಬಿಡ್ತು!" ಎಂದು ಅಕ್ಕ ಕೂಗಿದಳು.

ಪೆಟ್ಟಿಗೆಯ ಮುಚ್ಚಳ ಬಿಚ್ಚಿದರೆ ಸುಟ್ಟ ವಾಸನೆ. ಮದರ್‌ಬೋರ್ಡಿನ ಮೂಲೆಯಲ್ಲಿ ಮೂರು ಕೆಪಾಸಿಟರುಗಳು ಹಪ್ಪಳದ ಹಾಗೆ ಉಬ್ಬಿದ್ದವು. ನಾನು ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಯುಪಿಎಸ್, ಇನ್ವರ್ಟರು ರಿಪೇರಿ ಮಾಡುವವನು. ಇಂಥ ಉಬ್ಬು ದಿನಾ ನೋಡುತ್ತೇನೆ. ಮೂರನ್ನೂ ಬದಲಾಯಿಸಿದೆ. ಬೋರ್ಡು ಏಳಲಿಲ್ಲ. ಎರಡು ದಿನ ಅದರ ಮೇಲೆ ಸಿಟ್ಟು ತೀರಿಸಿಕೊಂಡು, ಕೊನೆಗೆ ಹೊಸದೇ ಆಗಬೇಕು ಎಂದು ಅಕ್ಕನಿಗೆ ಹೇಳಿದೆ.

ಅಕ್ಕನಿಗೆ ಕಣ್ಣು ಕಾಣುವುದಿಲ್ಲ. ಹೀಗೆ ಒಂದೇ ಮಾತಿನಲ್ಲಿ ಹೇಳಿದರೆ ಅವಳಿಗೆ ಕೋಪ ಬರುತ್ತದೆ. ಎಡಗಣ್ಣಿಗೆ ಬೆಳಕು ತಿಳಿಯುತ್ತದೆ, ಕಿಟಕಿ ಎಲ್ಲಿದೆ, ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಎಂಬಷ್ಟು ತಿಳಿಯುತ್ತದೆ, ಅದನ್ನೂ ಸೇರಿಸಿ ಹೇಳಬೇಕು. ಗ್ಲಾಕೋಮ ಸದ್ದಿಲ್ಲದೆ ಬಂದು ಉಳಿದದ್ದನ್ನೆಲ್ಲ ತೆಗೆದುಕೊಂಡು ಹೋಯಿತು. ಹಳೇಬೀಡಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ವಿಜ್ಞಾನ ಕಲಿಸಿದವಳು, ಅಷ್ಟೂ ವರ್ಷ ಅರಸೀಕೆರೆಯಿಂದಲೇ ಬಸ್ಸಿನಲ್ಲಿ ಹೋಗಿಬಂದವಳು. ಅವಳೂ ಮದುವೆಯಾಗಲಿಲ್ಲ, ನಾನೂ ಆಗಲಿಲ್ಲ. ಯಾಕೆಂದು ಕೇಳಿದವರಿಗೆ ಇಬ್ಬರೂ ಬೇರೆ ಬೇರೆ ಸುಳ್ಳು ಹೇಳುತ್ತೇವೆ.

ಅವಳ ಕಂಪ್ಯೂಟರಿನಲ್ಲಿದ್ದದ್ದು ಲಿನಕ್ಸ್. ಯಾರಪ್ಪನ ಸ್ವತ್ತೂ ಅಲ್ಲದ, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಿಕೊಳ್ಳಬಹುದಾದ ಆಪರೇಟಿಂಗ್ ಸಿಸ್ಟಂ. ಅದನ್ನು ಹಾಕಿಕೊಟ್ಟವನು ಅವಳ ಹಳೆಯ ವಿದ್ಯಾರ್ಥಿ, ಮಾದಿಹಳ್ಳಿಯವನು. ಈಗ ನಲವತ್ತು ದಾಟಿದವನು, ಬೇಲೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದಾನೆ. ಪರದೆಯ ಮೇಲಿನ ಅಕ್ಷರಗಳನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದನ್ನು ಅದರಲ್ಲಿ ಕೂರಿಸಿದ್ದ. ಆ ಧ್ವನಿ ನೆಗಡಿ ಹಿಡಿದ ಮೇಷ್ಟ್ರದ್ದು. ಅಕ್ಕನಿಗೆ ಮಾತ್ರ ಅದು ಪ್ರಾಣ. ಪತ್ರಿಕೆ, ಪುಸ್ತಕ, ಬಂದ ಇಮೇಲು, ಎಲ್ಲವನ್ನೂ ಅದರಿಂದಲೇ ಓದಿಸಿಕೊಳ್ಳುತ್ತಿದ್ದಳು. ಟಚ್ ಫೋನು ಕೊಡಿಸಿದ್ದೆ, ಅದೂ ಓದುತ್ತದೆ. ಆದರೆ ಎಲ್ಲಿ ಮುಟ್ಟಿದರೂ ಒಂದೇ ಥರ ಇರುವ ಆ ಗಾಜು ಅವಳಿಗೆ ಸೇರಲಿಲ್ಲ. ಅವಳಿಗೆ ಬೆರಳಿಗೆ ಸಿಗುವ ಕೀಲಿಗಳೇ ಬೇಕು.

ಹಾಗಾಗಿ ಕಂಪ್ಯೂಟರು ಕೆಟ್ಟ ದಿನದಿಂದ ಓದುವ ಕೆಲಸ ನನ್ನ ತಲೆಗೆ ಬಂತು. ಬೆಳಗ್ಗೆ ಪತ್ರಿಕೆ, ಸಂಜೆ ಪುಸ್ತಕ, ನಡುವೆ ನನ್ನ ಫೋನಿನಲ್ಲಿ ಅವಳ ಇಮೇಲು. ನಾನು ಕೆಟ್ಟ ಓದುಗ. ಒಂದು ಕಡೆ ಕೂತರೆ ಕಾಲು ಅಲ್ಲಾಡಲು ಶುರುವಾಗುತ್ತದೆ. ಸಂಪಾದಕೀಯದ ಎರಡನೇ ಪ್ಯಾರಾದಲ್ಲಿ ನನಗೆ ಅಂಗಡಿಯ ನೆನಪು, ಮೂರನೆಯದರಲ್ಲಿ ಕಾಫಿಯ ನೆನಪು. ಆದ್ದರಿಂದ ಹಾರಿಸುತ್ತಿದ್ದೆ. ಉದ್ದದ ಹೇಳಿಕೆ, ಶ್ರದ್ಧಾಂಜಲಿಯ ಪುಟ, ಕಾದಂಬರಿಯಲ್ಲಿ ಬೆಟ್ಟಗುಡ್ಡದ ವರ್ಣನೆ, ಎಲ್ಲಕ್ಕೂ ಕತ್ತರಿ. ಅಕ್ಕ ಒಂದೊಂದು ಸಲ ತಲೆಯೆತ್ತಿ, "ಏನೋ ಜಿಗಿದ ಹಾಗಾಯ್ತಲ್ಲೋ?" ಎನ್ನುತ್ತಿದ್ದಳು. "ಪುಟ ತಿರುಗಿಸಿದೆ ಅಷ್ಟೆ," ಎನ್ನುತ್ತಿದ್ದೆ. ಇಷ್ಟರಿಂದ ಯಾರಿಗೂ ನಷ್ಟವಿಲ್ಲ ಎಂದುಕೊಂಡಿದ್ದೆ.

ಮೂರನೇ ವಾರ ಬೆಂಗಳೂರಿನ ಕಣ್ಣಿನ ಡಾಕ್ಟರರ ಇಮೇಲು ಬಂತು. ದಸರೆಗೆ ಮುಂಚೆ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಒಂದು ದಿನವಿಡೀ ಪರೀಕ್ಷೆ ಮಾಡಿಸಿದ್ದೆ. ದೊಡ್ಡ ಡಾಕ್ಟರಿಗೆ ತೋರಿಸಿ ಬರೆದು ಕಳಿಸುತ್ತೇವೆ ಎಂದಿದ್ದರು. ಅಕ್ಕ ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ನಾನು ಎದುರಿಗೆ ಮಣೆಯ ಮೇಲೆ ಕೂತು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿಕೊಂಡು ಓದಿದೆ. ಕಣ್ಣಿನ ಒತ್ತಡ ಇಷ್ಟಿದೆ, ಈ ಡ್ರಾಪ್ಸ್ ಮುಂದುವರಿಸಿ, ಇದನ್ನು ನಿಲ್ಲಿಸಿ. ಆಮೇಲೆ ಕೊನೆಯ ಪ್ಯಾರಾ. ಅದನ್ನು ಮೊದಲು ಮನಸ್ಸಿನಲ್ಲೇ ಓದಿಕೊಂಡೆ. ಹೋದ ದೃಷ್ಟಿ ಮರಳುವುದಿಲ್ಲ, ಆಪರೇಷನ್ನಿನಿಂದ ಪ್ರಯೋಜನವಿಲ್ಲ, ಉಳಿದಿರುವ ಬೆಳಕೂ ಕೆಲವು ವರ್ಷಗಳಲ್ಲಿ ಹೋಗಬಹುದು, ಬೆಳಕು ಇರುವಾಗಲೇ ಕೋಲು ಹಿಡಿದು ನಡೆಯುವುದನ್ನು ಕಲಿತುಕೊಂಡರೆ ಒಳ್ಳೆಯದು ಎಂದಿತ್ತು.

ಅಕ್ಕನ ಬೆರಳು ಕಾಯಿಯ ಮೇಲೆ ನಿಂತಿತ್ತು. "ಆಪರೇಷನ್ ವಿಷಯ ಏನಂತೆ?" ಎಂದಳು.

"ಆರು ತಿಂಗಳು ಬಿಟ್ಟು ಬನ್ನಿ, ಆಗ ನೋಡಿ ಹೇಳ್ತೀವಿ ಅಂತ ಬರೆದಿದ್ದಾರೆ," ಎಂದೆ.

ಮಾತು ತಾನಾಗಿ ಬಾಯಿಂದ ಬಂತು. ನಮ್ಮ ಮನೆಯಲ್ಲಿ, ಮನೆಯಲ್ಲೇನು ನಮ್ಮ ಕಡೆ ಎಲ್ಲೆಲ್ಲೂ, ಕೆಟ್ಟ ಸುದ್ದಿಯನ್ನು ಇದ್ದ ಹಾಗೆ ಹೇಳುವ ಪದ್ಧತಿಯೇ ಇಲ್ಲ. ಸತ್ತವರ ಬಗ್ಗೆ "ಸ್ವಲ್ಪ ಹುಷಾರಿಲ್ಲ, ಹೊರಟು ಬನ್ನಿ" ಎನ್ನುತ್ತೇವೆ. ಬರುವವರು ದಾರಿಯಲ್ಲಿ ಎದೆ ಒಡೆದುಕೊಳ್ಳಬಾರದು ಎಂಬುದು ಲೆಕ್ಕ. ಅಪ್ಪ ಹೋದಾಗಲೂ ಹಾಗೇ ಆಯಿತು. ಅಕ್ಕನ ಶಾಲೆಗೆ ಫೋನು ಮಾಡಿದ ಚಿಕ್ಕಪ್ಪ, "ನಿಮ್ಮಪ್ಪಂಗೆ ಸ್ವಲ್ಪ ಜ್ವರ, ಬಂದು ಹೋಗವ್ವ," ಎಂದರು. ಅವಳು ಹಳೇಬೀಡಿನ ಬಸ್ ಸ್ಟ್ಯಾಂಡಿನಲ್ಲಿ ಬ್ರೆಡ್ಡು, ಮೂಸಂಬಿ ಕೊಂಡುಕೊಂಡು ಬಂದಳು. ಬೀದಿಯ ತಿರುವಿನಲ್ಲಿ ಇಳಿದಾಗ ಮನೆ ಮುಂದೆ ಜನ. ಒಳಗೆ ಅಪ್ಪನಿಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಅಕ್ಕ ಆ ಕೈಚೀಲ ಹಿಡಿದುಕೊಂಡೇ ಎಷ್ಟೋ ಹೊತ್ತು ನಿಂತಿದ್ದಳು. ತಿಥಿ ಮುಗಿದ ಮೇಲೆ ಎಲ್ಲರನ್ನೂ ಕೂರಿಸಿಕೊಂಡು, "ಇನ್ಮೇಲೆ ನನಗೆ ಯಾರೂ ಹಾಗೆ ಹೇಳ್ಬೇಡಿ. ದಾರಿಯುದ್ದಕ್ಕೂ ನಾನು ದೇವರಿಗೆ ಜ್ವರ ಇಳಿಸಪ್ಪಾ ಅಂತ ಬೇಡ್ಕೊಂಡು ಬಂದೆ. ನನಗೆ ನಾಚಿಕೆಯಾಗುತ್ತೆ," ಎಂದಿದ್ದಳು. ಆ ಮಾತು ಕೇಳಿಸಿಕೊಂಡವರಲ್ಲಿ ನಾನೂ ಒಬ್ಬ.

ಮಾರನೇ ದಿನ ಹೇಳಿಬಿಡೋಣ ಎಂದುಕೊಂಡೆ. ಮಾರನೇ ದಿನ ಅವಳು ಚಿಕ್ಕಮ್ಮನಿಗೆ ಫೋನಿನಲ್ಲಿ, "ಮಾವಿನಹಣ್ಣಿನ ಹೊತ್ತಿಗೆ ಬೆಂಗಳೂರಿಗೆ ಹೋಗ್ಬೇಕು, ಆಪರೇಷನ್ ಇರಬಹುದು," ಎನ್ನುತ್ತಿದ್ದಳು. ಕಣ್ಣು ಕಾಣದವರಿಗೆ ಕೋಲಿನ ನಡಿಗೆ ಕಲಿಸುವ ಹಾಸನದ ಹೆಣ್ಣುಮಗಳೊಬ್ಬಳು ಮನೆಗೇ ಬರುತ್ತೇನೆ ಎಂದಿದ್ದಳು. ಅವಳಿಗೂ ಅಕ್ಕ, "ಇನ್ನಾರು ತಿಂಗಳು ತಡೀರಿ, ಬೇಕಾಗಲಿಕ್ಕಿಲ್ಲ," ಎಂದು ಹೇಳಿ ಕಳಿಸಿದಳು. ನಾನು ಪಕ್ಕದಲ್ಲೇ ಇದ್ದೆ. ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟೆ.

ಅಂದಿನಿಂದ ಮದರ್‌ಬೋರ್ಡು ಹುಡುಕುವುದು ನನಗೆ ಬೇರೆಯೇ ಕೆಲಸವಾಯಿತು. ಹೊಸ ಬೋರ್ಡು ಬಂದ ದಿನ ಅಕ್ಕ ತನ್ನ ಪತ್ರಗಳನ್ನು ತಾನೇ ಓದಿಸಿಕೊಳ್ಳುತ್ತಾಳೆ. ಅವಳು ಮೇಡಮ್ಮು, ಯಾವ ಕಾಗದವನ್ನೂ ಒಂದೇ ಸಲ ಓದಿ ಬಿಡುವವಳಲ್ಲ. ಡಾಕ್ಟರರ ಪತ್ರ ಖಂಡಿತ ತೆರೆಯುತ್ತಾಳೆ. ಆ ಮೂಗುಸ್ವರದ ಮೇಷ್ಟ್ರು ಒಂದು ಅಲ್ಪವಿರಾಮವನ್ನೂ ಬಿಡುವುದಿಲ್ಲ.

ತಡ ಮಾಡಲು ನನಗೆ ನೆಪ ಹುಡುಕಬೇಕಾಗಿಯೇ ಇರಲಿಲ್ಲ. ಅಕ್ಕನ ಬೆರಳುಗಳಿಗೆ ಪಾಠವಾಗಿದ್ದದ್ದು ಲಿನಕ್ಸಿನ ಒಂದು ಹಳೆಯ ಆವೃತ್ತಿ. ಎಷ್ಟು ಸಲ ಯಾವ ಕೀಲಿ ಒತ್ತಿದರೆ ಎಲ್ಲಿಗೆ ಹೋಗುತ್ತದೆ ಎಂಬುದು ಅವಳಿಗೆ ಮನೆಯ ಮೆಟ್ಟಿಲಿನಷ್ಟೇ ಗೊತ್ತು. ಹೊಸ ಆವೃತ್ತಿ ಹಾಕಿದರೆ ಆ ಮೆಟ್ಟಿಲೆಲ್ಲ ಜಾಗ ಬದಲಾಯಿಸುತ್ತವೆ, ಅದು ಬೇಡ ಎಂದು ಕಡ್ಡಿ ಮುರಿದಂತೆ ಹೇಳಿದ್ದಳು. ತೀರಾ ಹೊಸ ಬೋರ್ಡು ತಂದರೆ ಅದರ ಮೇಲಿನ ಧ್ವನಿಯ ಚಿಪ್ಪನ್ನು ಹಳೆಯ ಲಿನಕ್ಸ್ ಗುರುತು ಹಿಡಿಯುವುದಿಲ್ಲ, ಕಂಪ್ಯೂಟರು ಓಡುತ್ತದೆ, ಆದರೆ ಮಾತಾಡುವುದಿಲ್ಲ. ಕಣ್ಣಿದ್ದವರಿಗೆ ಅದೊಂದು ಸಣ್ಣ ತೊಂದರೆ. ಅಕ್ಕನಿಗೆ ಅದು ಬರೀ ತಗಡಿನ ಡಬ್ಬ. ತೀರಾ ಹಳೆಯ ಬೋರ್ಡು ಅಂಗಡಿಯಲ್ಲಿ ಸಿಗುವುದಿಲ್ಲ. ನಡುವಿನದು ಬೇಕು.

ಈ ನಡುವಿನದನ್ನು ಹುಡುಕುತ್ತ ನಾನು ಹುಚ್ಚನಾದೆ. ಅಂಗಡಿಯಲ್ಲಿ ಬ್ಯಾಟರಿಗೆ ಚಾರ್ಜು ಹಾಕಿ ಫೋನು ಹಿಡಿದುಕೊಂಡು ಕೂರುತ್ತಿದ್ದೆ. ಜಗತ್ತಿನ ಯಾವ ಯಾವುದೋ ಮೂಲೆಯ ಜನ ತಮ್ಮ ತಮ್ಮ ಬೋರ್ಡುಗಳ ಬಗ್ಗೆ ಬರೆದುಕೊಂಡಿದ್ದ ಗೋಳನ್ನೆಲ್ಲ ಓದಿದೆ. ಒಂದರಲ್ಲಿ ಧ್ವನಿ ಬರುತ್ತದೆ, ಆದರೆ ಕಂಪ್ಯೂಟರನ್ನು ಸ್ಲೀಪಿಗೆ ಹಾಕಿ ಎಬ್ಬಿಸಿದರೆ ಹೋಗುತ್ತದೆ. ಇನ್ನೊಂದರಲ್ಲಿ ಧ್ವನಿ ಸರಿ, ನೆಟ್ ಸಂಪರ್ಕ ಕೈಕೊಡುತ್ತದೆ. ಮತ್ತೊಂದು ಎಲ್ಲ ಸರಿ ಎಂದು ಹತ್ತು ಜನ, ಏನೂ ಸರಿಯಿಲ್ಲ ಎಂದು ಒಬ್ಬ. ನಾನು ಆ ಒಬ್ಬನ ಮಾತನ್ನೇ ನಂಬುತ್ತಿದ್ದೆ. ಹಾಸನಕ್ಕೆ ಎರಡು ಸಲ ಹೋಗಿಬಂದೆ. ಅಂಗಡಿಯವನು ಡಬ್ಬ ಮುಂದಿಟ್ಟು, "ಲಿನಕ್ಸಾ? ಬರುತ್ತೆ ಸಾರ್, ಎಲ್ಲಾ ಬರುತ್ತೆ," ಎಂದರೆ ಅವನ ಮೇಲೆ ರೇಗಿದೆ. ಇನ್ನೊಬ್ಬ, "ಗ್ಯಾರಂಟಿ ಕೊಡಕ್ಕಾಗಲ್ಲ," ಎಂದರೆ ನೆಮ್ಮದಿಯಿಂದ ಬಸ್ಸು ಹತ್ತಿದೆ.

ಇನ್ವರ್ಟರ್ ರಿಪೇರಿಗೆ ಕೊಟ್ಟು ನನ್ನ ಅಂಗಡಿಗೆ ಬಂದು ಹೋಗಿ ಮಾಡುತ್ತಿದ್ದ ಗಂಡಸಿಯ ತೆಂಗಿನ ತೋಟದ ಯಜಮಾನರೊಬ್ಬರು ಇದನ್ನೆಲ್ಲ ನೋಡುತ್ತಿದ್ದರು. ನಾನು ಫೋನಿನಲ್ಲಿ ಯಾರಿಗೋ, "ಅದು ಬೇಡ, ಅದರ ಚಿಪ್ಪು ಸರಿಯಿಲ್ಲ," ಎನ್ನುತ್ತಿದ್ದಾಗ ಅವರಿಗೆ ತಡೆಯಲಾಗಲಿಲ್ಲ.

"ಏನ್ಲಾ, ನಾನೂ ಒಂದ್ ತಿಂಗ್ಳಿಂದ ನೋಡ್ತಾ ಇವ್ನಿ. ಹೆಣ್ಣು ನೋಡಾಕೆ ಹೋದೋನು ಒಂದಕ್ಕೆ ಮೂಗು ಸರಿಯಿಲ್ಲ, ಒಂದಕ್ಕೆ ಹಲ್ಲು ಸರಿಯಿಲ್ಲ ಅಂದಂಗೈತೆ ನಿನ್ ಕತೆ. ಮದ್ವೆ ಆಗೋ ಮನ್ಸಿಲ್ಲ ಅಂತ ಒಪ್ಕೊಂಡ್ಬಿಡು ಅತ್ಲಾಗೆ."

ನಾನು ನಕ್ಕೆ. ಅವರ ಇನ್ವರ್ಟರನ್ನು ಅವತ್ತೇ ಮುಗಿಸಿ ಕಳಿಸಿಬಿಟ್ಟೆ. ಅವರು ಇನ್ನೊಂದು ಸಲ ಬಂದು ಆ ಮಾತು ಆಡುವುದು ನನಗೆ ಬೇಕಿರಲಿಲ್ಲ.

ಸಂಕ್ರಾಂತಿ ಬಂತು, ಹೋಯಿತು. ಅಕ್ಕನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಾನು ಓದುವಾಗ ಅವಳ ಬೆರಳುಗಳು ಮಡಿಲಲ್ಲಿ ಇಲ್ಲದ ಕೀಲಿಮಣೆಯನ್ನು ಒತ್ತುತ್ತಿದ್ದವು. ಮನೆಯಲ್ಲಿ ಇಬ್ಬರೂ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದೆವು. ಅವಳಿಗೆ ಕಾಯುವುದು ಸಾಕಾಗಿತ್ತು, ನನಗೆ ಕಾಯಿಸುವುದು ಸಾಕಾಗಿತ್ತು. ಒಂದು ದಿನ ಅವಳೇ ತನ್ನ ಕೀಪ್ಯಾಡ್ ಫೋನಿನಲ್ಲಿ ಬೇಲೂರಿನ ಆ ಹಳೆಯ ವಿದ್ಯಾರ್ಥಿಗೆ ಫೋನು ಮಾಡಿದಳು. ಹತ್ತು ನಿಮಿಷದಲ್ಲಿ ಅವನು ನನಗೆ ಮಾಡಿದ.

"ಸಾರ್, ಮೇಡಂ ಹಳೇ ಲಿನಕ್ಸ್‌ಗೆ ಸರಿಹೋಗೋ ಬೋರ್ಡ್ ನನ್ನ ಹತ್ರಾನೇ ಇದೆ. ಅರೇಹಳ್ಳಿಯ ಒಂದು ಕಾಫಿ ಕ್ಯೂರಿಂಗ್ ಆಫೀಸಿಗೆ ಇದನ್ನೇ ಹಾಕಿದ್ದೀನಿ. ನೀವು ಮೊದಲೇ ನನ್ನ ಕೇಳ್ಬಾರದಿತ್ತಾ?"

"ನಿಮಗ್ಯಾಕೆ ತೊಂದರೆ ಅಂತ," ಎಂದೆ.

ಮಾರನೇ ಬೆಳಗ್ಗೆ ಬೇಲೂರಿನ ಬಸ್ಸು ಹತ್ತಿದೆ. ಅವನ ಅಂಗಡಿ ದೇವಸ್ಥಾನದ ರಸ್ತೆಯಿಂದ ಒಳಗೆ ತಿರುಗುವ ಗಲ್ಲಿಯಲ್ಲಿ, ಮಹಡಿಯ ಮೇಲೆ. ನಾನು ಹೋದಾಗ ಬೋರ್ಡನ್ನು ಡಬ್ಬದಿಂದ ತೆಗೆದು, ಅದು ಬಂದಿದ್ದ ರಟ್ಟಿನ ಮೇಲೆಯೇ ಟೇಬಲ್ಲಿನಲ್ಲಿ ಹರಡಿಕೊಂಡು, ಪ್ರೊಸೆಸರು, ಮೆಮೊರಿ ಎಲ್ಲ ಸಿಕ್ಕಿಸಿ ಇಟ್ಟಿದ್ದ. ಅವನ ರೀತಿ ನನಗೆ ಮೆಚ್ಚುಗೆಯಾಯಿತು. ಪುಸ್ತಕದಲ್ಲಿ ಬರೆದದ್ದನ್ನೂ ನಂಬುವವನಲ್ಲ, ಕಂಪನಿ ಹೇಳಿದ್ದನ್ನೂ ನಂಬುವವನಲ್ಲ. ಅಕ್ಕನ ಅದೇ ಹಳೆಯ ಲಿನಕ್ಸನ್ನು ಪೆನ್‌ಡ್ರೈವಿನಲ್ಲಿ ಹಾಕಿಟ್ಟುಕೊಂಡಿದ್ದ. ಅದನ್ನು ಬೋರ್ಡಿಗೆ ಚುಚ್ಚಿ, "ಓಡಿಸಿ ನೋಡಿಯೇ ಬಿಡೋಣ ಸಾರ್," ಎಂದ.

ಪರದೆ ಹತ್ತಿತು. ಲಿನಕ್ಸ್ ತೆರೆದುಕೊಂಡಿತು. ನೆಟ್ ಬಂತು, ಕೀಲಿಮಣೆ ಬಂತು. ಅವನು ಓದುವ ತಂತ್ರಾಂಶವನ್ನು ಶುರು ಮಾಡಿ ಪಕ್ಕದ ಸಣ್ಣ ಸ್ಪೀಕರಿನ ಕಡೆ ನೋಡಿದ. ಸದ್ದಿಲ್ಲ. ಮತ್ತೆ ಒತ್ತಿದ. ಸದ್ದಿಲ್ಲ. ವೈರು ಕಿತ್ತು ಹಾಕಿದ. ಇಲ್ಲ.

ನನಗೆ ಸಂತೋಷವಾಯಿತು. ಇದನ್ನು ಬರೆಯಲು ಹೇಸಿಗೆಯಾಗುತ್ತದೆ, ಆದರೆ ಆದದ್ದು ಹಾಗೇ. ಎದೆಯ ಮೇಲಿನ ಚಪ್ಪಡಿ ಸರಿದಂತಾಗಿ, "ಹೋಗ್ಲಿ ಬಿಡಿ, ಇನ್ನೊಂದು ನೋಡೋಣ, ಅವಸರವೇನಿಲ್ಲ," ಎಂದೆ. ಮನಸ್ಸು ಆಗಲೇ ಇನ್ನೊಂದು ತಿಂಗಳನ್ನು ಎಣಿಸಿಟ್ಟುಕೊಂಡಿತ್ತು.

"ಇರಿ ಸಾರ್," ಎಂದು ಅವನು ಸೆಟ್ಟಿಂಗಿನೊಳಗೆ ಹೋದ. "ಇದು ಧ್ವನೀನ ಟೀವಿ ವೈರಿನಲ್ಲಿ ಪರದೆ ಕಡೆ ಕಳಿಸ್ತಾ ಇದೆ. ಈ ಪರದೆಗೆ ಸ್ಪೀಕರೇ ಇಲ್ಲ, ಪಾಪ ಅದು ಯಾರಿಗೆ ಹೇಳುತ್ತೆ?" ಒಂದು ಕಡೆ ಒತ್ತಿದ, ಅಷ್ಟೆ. ಸ್ಪೀಕರಿನಿಂದ ನೆಗಡಿ ಹಿಡಿದ ಮೇಷ್ಟ್ರು ಗಟ್ಟಿಯಾಗಿ ಮಾತಾಡಿದರು. ಪ್ರಿಂಟು ತೆಗೆಸಲು ಬಂದಿದ್ದ ಇಬ್ಬರು ಹೆಂಗಸರು ಬೆಚ್ಚಿಬಿದ್ದು ನಕ್ಕರು. ಅವನೂ ನಕ್ಕ. ನಾನೂ ನಗಬೇಕಾಯಿತು.

ಬೋರ್ಡಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ವಾಪಸು ಬಸ್ಸಿನಲ್ಲಿ ಕೂತೆ. ಹೇಳಲೇಬೇಕು, ಯಂತ್ರ ಬಾಯಿ ಬಿಡುವ ಮೊದಲೇ ನಾನು ಬಾಯಿ ಬಿಡಬೇಕು ಎಂದು ನಿಶ್ಚಯಿಸಿದೆ. ಹಳೇಬೀಡು ಬರುವಷ್ಟರಲ್ಲಿ ಮೊದಲ ವಾಕ್ಯ ತಯಾರಾಗಿರಬೇಕು ಎಂದುಕೊಂಡೆ. ಹಳೇಬೀಡು ಬಂತು. ಸೌತೆಕಾಯಿ ಮಾರುವವರು ಕಿಟಕಿಗೆ ಬಂದರು, ಪ್ರವಾಸಿಗರು ಹತ್ತಿದರು, ವಾಕ್ಯ ಬರಲಿಲ್ಲ. ಫೋನು ತೆಗೆದು ಅಕ್ಕನ ಇಮೇಲು ತೆರೆದೆ. ಡಾಕ್ಟರರ ಪತ್ರವನ್ನು ಅಳಿಸಿಬಿಟ್ಟರೆ ಮುಗಿಯಿತು. ಹೆಬ್ಬೆರಳು ಅಳಿಸುವ ಗುರುತಿನ ಮೇಲೆಯೇ ಇತ್ತು. ಅಳಿಸಲಿಲ್ಲ. ಪ್ರಾಮಾಣಿಕತೆಯಿಂದಲ್ಲ. ಅವಳು ಹುಡುಕಿ, ಸಿಗದೆ, ಡಾಕ್ಟರಿಗೇ ಮತ್ತೆ ಬರೆದಾಳು ಎಂಬ ಭಯದಿಂದ. ಜಾವಗಲ್ ದಾಟಿದ ಮೇಲೆ ಫೋನು ಜೇಬಿಗಿಟ್ಟು, ಪಕ್ಕದವರ ಮೊಣಕಾಲಿಗೆ ತಾಗುವಷ್ಟು ಕಾಲು ಕುಣಿಸುತ್ತ ಅರಸೀಕೆರೆಯವರೆಗೆ ಬಂದೆ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಪೆಟ್ಟಿಗೆಯ ಧೂಳು ಒರೆಸಿ, ಸ್ಕ್ರೂಗಳನ್ನು ಒಂದು ಬಟ್ಟಲಿನಲ್ಲಿ ಹಾಕಿಟ್ಟಿದ್ದಳು. ಬೋರ್ಡನ್ನು ಕೈಗೆ ಕೊಡು, ನೋಡಬೇಕು ಎಂದಳು. ಅಂಚು ಹಿಡಿಸಿ ಕೊಟ್ಟೆ. ಬೆರಳ ತುದಿಯಿಂದ ನಿಧಾನವಾಗಿ ಸವರಿ, "ಇದೇನೋ, ಇಷ್ಟೊಂದು ಗೋಪುರ!" ಎಂದು ಮಗುವಿನ ಹಾಗೆ ನಕ್ಕಳು. ಮೂರು ತಿಂಗಳಲ್ಲಿ ಅವಳು ಹಾಗೆ ನಕ್ಕಿದ್ದು ನೋಡಿರಲಿಲ್ಲ.

"ಅಕ್ಕಾ, ಒಂದು ಮಾತು ಹೇಳ್ಬೇಕಿತ್ತು," ಎಂದೆ. "ಆ ಡಾಕ್ಟರ್ ಪತ್ರ ಇತ್ತಲ್ಲ..."

"ಮೊದಲು ಇದು ಮಾತಾಡ್ಲಿ, ಆಮೇಲೆ ನೀನು ಮಾತಾಡುವೆಯಂತೆ," ಎಂದಳು.

ನಾನು ಅದನ್ನೇ ಕಾಯುತ್ತಿದ್ದವನ ಹಾಗೆ ಸ್ಕ್ರೂಡ್ರೈವರು ಕೈಗೆತ್ತಿಕೊಂಡೆ. ಒಂದು ಗಂಟೆ ಕೂತು ಬೋರ್ಡು ಬಿಗಿದೆ, ವೈರು ಸಿಕ್ಕಿಸಿದೆ, ಅವಳ ಹಳೆಯ ಡಿಸ್ಕನ್ನೇ ಜೋಡಿಸಿದೆ. ಸಂಜೆಯ ಬಿಸಿಲು ಕಿಟಕಿಯಲ್ಲಿತ್ತು. ಸ್ವಿಚ್ಚು ಹಾಕಿದೆ. ಲಿನಕ್ಸ್ ಏನೂ ಆಗದವರ ಹಾಗೆ ಎದ್ದು ಕೂತಿತು. ಧ್ವನಿ ಬಂತು. ಅಕ್ಕ ಎರಡೂ ಕೈಯನ್ನು ಕೀಲಿಮಣೆಯ ಮೇಲಿಟ್ಟು ಒಂದು ಗಳಿಗೆ ಹಾಗೇ ಇದ್ದಳು. ಆಮೇಲೆ ಟಕಟಕನೆ ಒತ್ತುತ್ತ ಹೋದಳು. ಎಲ್ಲಿಗೆ ಹೋಗುತ್ತಿದ್ದಾಳೆಂದು ನನಗೆ ಗೊತ್ತಿತ್ತು. ನಾನು ಪೆಟ್ಟಿಗೆಯ ಪಕ್ಕದ ಮುಚ್ಚಳಕ್ಕೆ ಸ್ಕ್ರೂ ಹಾಕುತ್ತ ನೆಲದ ಮೇಲೆ ಕೂತಿದ್ದೆ.

ಮೇಷ್ಟ್ರು ಇಂಗ್ಲಿಷಿಗೆ ತಿರುಗಿದರು. ಕಣ್ಣಿನ ಒತ್ತಡ ಓದಿದರು, ಡ್ರಾಪ್ಸಿನ ಹೆಸರು ಓದಿದರು, ಉಸಿರೂ ಎಳೆಯದೆ ಕೊನೆಯ ಪ್ಯಾರಾಕ್ಕೆ ಬಂದರು. ಹೋದ ದೃಷ್ಟಿ ಮರಳುವುದಿಲ್ಲ ಎಂಬುದನ್ನೂ, ಬೆಲೆಪಟ್ಟಿ ಓದುವ ಅದೇ ಸ್ವರದಲ್ಲಿ ಹೇಳಿದರು. ಪತ್ರ ಮುಗಿಯಿತು. ಅಕ್ಕ ಹಿಂದಕ್ಕೆ ಹೋಗಿ ಆ ಪ್ಯಾರಾವನ್ನು ಮತ್ತೊಮ್ಮೆ ಓದಿಸಿದಳು. ಆಮೇಲೆ ಯಾವ ದಿನ ಬಂದ ಪತ್ರ ಎಂಬುದನ್ನು ಓದಿಸಿದಳು. ಸ್ಕ್ರೂ ನನ್ನ ಕೈಯಿಂದ ಜಾರಿ ಎಲ್ಲೋ ಉರುಳಿತು. ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ತಲೆ ತೂರಿಸಿದೆ.

"ಎದ್ದು ಬಾ," ಎಂದಳು. ಎದ್ದು ನಿಂತೆ. ಅವಳು ಬೈಯುತ್ತಾಳೆ, ಅಳುತ್ತಾಳೆ, ಅಪ್ಪನ ಮಾತು ತೆಗೆಯುತ್ತಾಳೆ ಎಂದುಕೊಂಡಿದ್ದೆ. ಅದಕ್ಕೆಲ್ಲ ಉತ್ತರ ಕೂಡ ಇತ್ತು.

"ಇನ್ನೇನೇನು ಬಿಟ್ಟಿದ್ದೀಯ?"

"ಅಂದ್ರೆ?"

"ಮೂರು ತಿಂಗಳು ನೀನು ಓದಿದ್ದೆಲ್ಲ ನನ್ನ ತಲೇಲಿದೆ. ಅದರಲ್ಲಿ ಯಾವುದು ಇದ್ದದ್ದು, ಯಾವುದು ನೀನು ಹೇಳಿದ್ದು? ಹೇಳು, ಕೂತ್ಕೊಂಡು ಹೇಳು."

ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಒಂದು ಪ್ಯಾರಾ ಬಿಟ್ಟೆ, ಅದಕ್ಕೊಂದು ಕ್ಷಮೆ ಕೇಳಿದರಾಯಿತು ಎಂದುಕೊಂಡಿದ್ದವನು ನಾನು. ಕುರ್ಚಿ ಎಳೆದುಕೊಂಡು ಕೂತು ಹೇಳತೊಡಗಿದೆ. ಸಂಪಾದಕೀಯಗಳು. ಕಾದಂಬರಿಯಲ್ಲಿ ಇಡೀ ಒಂದು ಅಧ್ಯಾಯ. ಅಕ್ಕ ಬಾಡಿಗೆಗೆ ಕೊಟ್ಟಿರುವ ಸಣ್ಣ ಮನೆಯ ಬಾಡಿಗೆದಾರನ ಕಾಗದದಲ್ಲಿ ಅವನು ಅವಳ ಮೇಲೆ ಮಾಡಿದ್ದ ಒಂದು ಆರೋಪ. ಅವಳು ಎಲ್ಲಕ್ಕೂ "ಹ್ಞೂಂ, ಆಮೇಲೆ?" ಎನ್ನುತ್ತಿದ್ದಳು. ಕೊನೆಗೆ, "ಶ್ರದ್ಧಾಂಜಲಿ ಪುಟ ಯಾವತ್ತೂ ಓದಿಲ್ಲ," ಎಂದೆ.

"ಅದರಲ್ಲಿ ನಮ್ಮವರು ಯಾರಾದ್ರೂ ಇದ್ರಾ?"

ಇದ್ದರು. ಅವಳ ಶಾಲೆಯ ಗಣಿತದ ಟೀಚರು, ಇಪ್ಪತ್ತು ವರ್ಷ ಅರಸೀಕೆರೆಯಿಂದ ಹಳೇಬೀಡಿಗೆ ಅವಳ ಪಕ್ಕದ ಸೀಟಿನಲ್ಲಿ ಹೋಗಿಬಂದವರು. ಸಂಕ್ರಾಂತಿಯ ಬೆಳಗ್ಗೆಯೇ ಅವರ ಫೋಟೋ ಬಂದಿತ್ತು. ನಾನು ಪುಟ ತಿರುಗಿಸಿದ್ದೆ. ಹಬ್ಬದ ಮನೆಯಲ್ಲಿ ಯಾಕೆ, ಇನ್ನೊಂದು ದಿನ ಹೇಳಿದರಾಯಿತು ಎಂದುಕೊಂಡಿದ್ದೆ. ಆ ಇನ್ನೊಂದು ದಿನ ಬಂದಿರಲಿಲ್ಲ.

ಹೇಳಿದೆ. ಅಕ್ಕನ ಮುಖ ನನ್ನ ಕಡೆ ಇರಲಿಲ್ಲ, ಕಿಟಕಿಯ ಬೆಳಕಿನ ಕಡೆ ಇತ್ತು.

"ಅದಾದ ಮೇಲೂ ನಾನು ಅವಳಿಗೆ ಮೂರು ಸಲ ಫೋನ್ ಮಾಡಿದೆ ಕಣೋ," ಎಂದಳು. "ಎತ್ತಲಿಲ್ಲ ಅಂತ ನಿನ್ನ ಹತ್ರಾನೇ ಬೈಕೊಂಡೆ. ಸೊಕ್ಕು ಬಂದಿದೆ ಅವಳಿಗೆ ಅಂದೆ. ನೀನು ಇಲ್ಲೇ ನಿಂತ್ಕೊಂಡು ಕೇಳಿಸಿಕೊಂಡೆ."

ನಾನು ತಪ್ಪಾಯಿತು ಎಂದೆ. ಅವಳು ಆಯಿತು ಎಂದಳು. ಎದ್ದು ಹೋಗಿ ಅನ್ನಕ್ಕಿಟ್ಟಳು. ಅವತ್ತು ರಾತ್ರಿ ಬಡಿಸುವಾಗಲೂ ಎಂದಿನಂತೆ ನನಗೆ ತುಪ್ಪ ಹಾಕಿದಳು. ಇಷ್ಟರಲ್ಲೇ ಮುಗಿಯಿತೆಂದು ನಾನು ತಿಳಿದುಕೊಂಡೆ.

ಈಗ ಹಾಸನದ ಹೆಣ್ಣುಮಗಳು ವಾರಕ್ಕೆರಡು ದಿನ ಬಂದು ಕೋಲಿನ ನಡಿಗೆ ಕಲಿಸುತ್ತಾಳೆ. ಅಕ್ಕ ಬೇಗ ಕಲಿಯುತ್ತಿದ್ದಾಳೆ, ಮೂರು ತಿಂಗಳು ಮುಂಚೆಯೇ ಶುರು ಮಾಡಿದ್ದರೆ ಇನ್ನೂ ಚೆನ್ನಾಗಿತ್ತು ಎಂದು ಆ ಹೆಣ್ಣುಮಗಳು ನನ್ನೆದುರಿಗೇ ಒಮ್ಮೆ ಹೇಳಿದಳು. ಬೋರ್ಡು ಒಂದು ದಿನವೂ ಕೈಕೊಟ್ಟಿಲ್ಲ. ಮೇಷ್ಟ್ರು ಬೆಳಗ್ಗೆಯಿಂದ ಸಂಜೆಯವರೆಗೆ ಓದುತ್ತಾರೆ, ಶ್ರದ್ಧಾಂಜಲಿಯನ್ನೂ ಬಿಡುವುದಿಲ್ಲ. ಅಕ್ಕ ನನ್ನ ಹತ್ತಿರ ಎಲ್ಲ ಮಾತೂ ಆಡುತ್ತಾಳೆ, ತಮಾಷೆಯನ್ನೂ ಮಾಡುತ್ತಾಳೆ.

ಮೊನ್ನೆ ಅವಳ ಕಣ್ಣಿನ ಡ್ರಾಪ್ಸಿನ ಹೊಸ ಬಾಟಲಿಯನ್ನು ರಟ್ಟಿನ ಡಬ್ಬದ ಸಮೇತ ತಂದು ಕೈಗೆ ಕೊಟ್ಟೆ. ಅದರ ಮೇಲಿನ, ಅವಧಿ ಮುಗಿಯುವ ತಾರೀಖನ್ನು ಮೇಷ್ಟ್ರು ಓದಲಾರರು, ಅಕ್ಷರ ಇರುವುದು ರಟ್ಟಿನ ಮೇಲೆ. ನಾನು ಕನ್ನಡಕ ಹಾಕಿಕೊಂಡು ಕೈ ಚಾಚಿದೆ. "ನೀನು ಕೂತಿರು," ಎಂದಳು. ಕೋಲು ತೆಗೆದುಕೊಂಡು, ಮೆಟ್ಟಿಲು ಎಣಿಸಿ ಇಳಿದು, ಬೀದಿ ದಾಟಿ, ಎದುರು ಮನೆಯ ಟೈಲರಮ್ಮನ ಬಾಗಿಲು ತಟ್ಟಿದಳು. ಆಕೆ ಹೊರಗೆ ಬಂದು ಡಬ್ಬವನ್ನು ಬಿಸಿಲಿಗೆ ಹಿಡಿದು ಓದಿ ಹೇಳಿದ್ದು ನಾನು ಕೂತಲ್ಲಿಗೆ ಕೇಳಿಸಿತು.